ನನ್ನ ಸಲುವಾಗಿ ತಿರುಗಿದ ಬಂಡಿ

ಐವತ್ತರ ದಶಕದ ಮಾತು. ರೋಣದಾಗ ವ್ಯಾಪಾರಸ್ಥರು ಪಟ್ಟಿ ಎತ್ತಿ ಕಟ್ಟಿಸಿದ್ದ ಒಂದು ಸಣ್ಣ ಹೆರಿಗಿ ದವಾಖಾನಿ ಇತ್ತು. ಅಲ್ಲಿ ನಾ ನರ್ಸ್ ಆಗಿ ಸೇರಿದೆ. ನಾ ಊರ ಹೊರಗಿನ ಕೇರಿಯಾಕಿ. ಅದನ್ನ ಹೇಳಾಕ ನನಗೇನೂ ನಾಚಿಕಿಲ್ಲ, ಆದ್ರ ಮಂದಿಗೆ ನನ್ನ ಹೆಸರಿಗಿಂತ ಮೊದಲ ಅದ ಗೊತ್ತಾಗತಿತ್ತು.

ಡಾಕ್ಟರಬಾಯಿಗೆ ನಾವೆಲ್ಲಾ ಬಾಯಾರು ಅಂತಿದ್ದಿವಿ. ಭಾಳ ಸಿಟ್ಟಿನವರು, ಖರೇ. ಆದ್ರ ನಾ ತಪ್ಪು ಮಾಡಿದ್ರ ಮಂದಿ ಮುಂದ ತಪ್ಪು ತಮ್ಮದು ಅನ್ನೂರು. ಆಮ್ಯಾಲ ಒಳಗ ಕರದು, ನನ್ನ ಕೈ ಮ್ಯಾಲ ತಮ್ಮ ಕೈ ಇಟ್ಟು ಮತ್ತೊಮ್ಮಿ ಕಲಿಸೂರು. ಮಧ್ಯಾಹ್ನ ನನ್ನ ಬುತ್ತಿ ಬಿಚ್ಚಿ, ಕೇಳದ ಅರ್ಧ ರೊಟ್ಟಿ ಮುರಕೊಳ್ಳೂರು. ಮನ್ಯಾಗ ಹೇಳಿದ್ರ ನಮ್ಮವ್ವ ನಂಬಲೇ ಇಲ್ಲ.

ಒಂದಿನ ಬೆಳವಣಕಿಯಿಂದ ದೊಡ್ಡ ಒಕ್ಕಲುತನದ ಮನಿ ಬಂಡಿ ಬಂತು. ಚೊಚ್ಚಲ ಹೆರಿಗಿ, ಕೂಸು ಅಡ್ಡ ತಿರುಗಿತ್ತು. ಬ್ಯಾನಿ ತಿನ್ನಾಕತ್ತಿದ್ದಾಕಿ ನನಗಿಂತ ಸಣ್ಣಾಕಿ, ನನ್ನ ಕೈ ಗಟ್ಟಿ ಹಿಡಕೊಂಡಿದ್ಲು. ಅಕಿ ಅತ್ತಿ ಮಾತ್ರ, ಈಕಿ ಯಾರ ಪೈಕಿ ಅಂತ ದವಾಖಾನಿ ಕೆಲಸದ ಆಯಾನ್ನ ಕೇಳಿದ್ಲು. ಗೊತ್ತಾಗಿದ್ದ ತಡ, ಈಕಿ ನಮ್ಮ ಸೊಸಿನ್ನ ಮುಟ್ಟಬಾರದು ಅಂತ ಹಟ ಹಿಡದ್ಲು. ನಾನ ಬಾಯಾರ ಹತ್ರ ಹೋಗಿ, ಹೊರಗ ನಿಂದರ್ತೀನ್ರಿ, ಆಯಾನ್ನ ಕರಕೋರಿ ಅಂದೆ.

"ಆಯಾಗ ಈ ಕೆಲಸ ಬರೂದಿಲ್ಲ, ನಿನಗ ಬರ್ತೈತಿ," ಅಂದ್ರು ಬಾಯಾರು. "ನೀ ಇಲ್ದ ನಾ ಕೈ ಹಚ್ಚೂದಿಲ್ಲ."

ಅದನ್ನ ಕೇಳಿ ಅಕಿ ಮಾವ ಬಂಡಿ ಹೂಡಸಿದ. ಬಾಯಾರು ಗೇಟಿನ ತನಕ ಓಡಿ ಹೋಗಿ, ದಾರ್ಯಾಗ ಜೀವಾ ಹೋಗ್ತೈತ್ರಿ ಅಂತ ಕೈ ಮುಗದು ಬೇಡಕೊಂಡ್ರು. ನನ್ನ ಹೊರಗ ಕಳಿಸ್ತೀನಿ ಅಂತ ಮಾತ್ರ ಅನ್ನಲಿಲ್ಲ. ಬಂಡಿ ವಾಪಸ್ ಊರ ಕಡೆ ತಿರುಗಿತು. ಊರು ಮುಟ್ಟೂದ್ರೊಳಗ ತಾಯಿ ಕೂಸು ಇಬ್ರೂ ಹೋದ್ರು.

ಹೆಣ್ಣಮಗಳ ಜೀವಕ್ಕಿಂತ ಬಾಯಾರ ಸೊಕ್ಕ ದೊಡ್ಡದಾತು ಅಂತ ಊರೆಲ್ಲಾ ಆಡಕೊಂಡ್ರು. ಬಂಡಿ ತಿರುಗಿಸಿದವರಿಗೆ ಒಬ್ಬರೂ ಒಂದು ಮಾತು ಅನ್ನಲಿಲ್ಲ, ಹಂಗ ಆಡಕೊಂಡವರ ಬಾಯಾಗ ಮಣ್ಣು ಬೀಳ್ಲಿ. ವ್ಯಾಪಾರಸ್ಥರ ಕಮಿಟಿ ಕೂಡಿ ಬಾಯಾರಿಗೆ ಊರು ಬಿಡಾಕ ಹೇಳಿತು. ಹುಡುಗಿನ್ನ ಕೆಲಸದಿಂದ ತಗೀಬ್ಯಾಡ್ರಿ, ಇದೊಂದ ಮಾತು ಬಾಯಾರು ಕಮಿಟಿಗೆ ಕೇಳಿದ್ದು.

ಮೋಟರ್ ಸ್ಟ್ಯಾಂಡಿಗೆ ಅವರ ಟ್ರಂಕು ಹೊತಗೊಂಡು ಹೋದೆ. ಕೇಳಬಾರದಿತ್ತು, ತಡೀಲಾರದ ಕೇಳಿದೆ: ನನ್ನ ಹೊರಗ ಕಳಿಸಿದ್ರ ಅಕಿ ಉಳೀತಿದ್ಲೇನ್ರಿ? ಬಾಯಾರು ಅಂದ್ರು:

"ಉಳೀಬಹುದಿತ್ತು. ಅದನ್ನ ನೆನಸಿದ್ರ ನನಗ ನಿದ್ದಿ ಹತ್ತೂದಿಲ್ಲ. ಆದ್ರ ನಿನ್ನ ಕಳಿಸೂದು ನನ್ನ ಕೈಲೆ ಆಗ್ತಿದ್ದಿಲ್ಲ."

ಅವರ ಟ್ರಂಕು ಮೋಟರಿನ ಮ್ಯಾಲ ಏರಿಸಿದೆ. ಮೋಟರ್ ಹೋತು.

ಅವರ ಜಾಗಾಕ್ಕ ಬಂದ ಡಾಕ್ಟರು ಕೆಟ್ಟವರೇನಲ್ಲ, ಒಮ್ಮಿನೂ ನನ್ನ ಬೈಲಿಲ್ಲ. ದೊಡ್ಡ ಮನಿ ಬಂಡಿ ಬಂದ್ರ ನನ್ನ ಕಡೆ ಸುಮ್ಮನ ನೋಡೂರು, ಅಷ್ಟ. ನಾ ಎದ್ದು ಹಿತ್ತಲಕ್ಕ ಹೋಗಿ ರಕ್ತದ ಅರಿವಿ ಒಗ್ಯಾಕ ಕುಂಡರ್ತಿದ್ದೆ. ಒಳಗ ಹಡದವರು ಬದುಕಿದ್ರು. ಬಾಯಾರದ ತಪ್ಪು ಅನ್ನಾಕ ಊರಿಗೆ ಅಷ್ಟು ಸಾಕಾತು. ಅರಿವಿ ಹಿಂಡತಾ ಕುಂತಾಗ ಒಮ್ಮೊಮ್ಮಿ ನನಗೂ ಹಂಗ ಅನಸತಿತ್ತು. ಹಂಗ ಅನಸಿದ್ದಕ್ಕ ನನ್ನ ಮ್ಯಾಲ ನನಗ ಹೇಸಿಗಿ ಬರ್ತಿತ್ತು.