ಡಮ್ಮಿ ಕೇಳಿದ ಪ್ರಶ್ನೆ

ತೊಂಬತ್ತರ ದಶಕದಲ್ಲಿ ನಾವು ನಾಲ್ವರು ತೋಟದವರು ಭಾನುವಾರ ಸಂಜೆ ಮೂಡಿಗೆರೆಯ ಕ್ಲಬ್ಬಿನಲ್ಲಿ ಬ್ರಿಡ್ಜ್ ಆಡುತ್ತಿದ್ದೆವು. ಬ್ರಿಡ್ಜ್‌ನಲ್ಲಿ ಒಬ್ಬನು ತನ್ನ ಇಸ್ಪೀಟೆಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಡಮ್ಮಿಯಾಗಿ ಕೂರುತ್ತಾನೆ. ಅವನ ಪಾಲಿನ ಎಲೆಗಳನ್ನೂ ಜೊತೆಗಾರನೇ ಆಡುತ್ತಾನೆ. ಕೆಲಸವಿಲ್ಲದ ಡಮ್ಮಿ ಏನಾದರೂ ಸಂಸಾರದ ಮಾತು ತೆಗೆಯಬೇಕು, ಉಳಿದವರು ಅಭಿಪ್ರಾಯ ಹೇಳಬೇಕು ಎಂಬುದು ನಮ್ಮ ಮೇಜಿನ ಪದ್ಧತಿ.

ಒಂದು ಸಂಜೆ ಕಿಟಕಿಯಾಚೆ ಮಂಜು ಕವಿದು ಬೆಟ್ಟವೇ ಕರಗಿಹೋದಂತಿತ್ತು. ನನ್ನ ಜೊತೆಗಾರರು ಎಲೆ ಬಿಚ್ಚಿಟ್ಟು ಕೇಳಿದರು: "ಕಳಸದಲ್ಲಿ ನಮ್ಮಣ್ಣಂಗೆ ಹುಷಾರಿಲ್ವಂತೆ. ನಾವು ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಹೋಗ್ಲಾ ಮಾರಾಯ್ರೆ?"

ನನ್ನ ಮನಸ್ಸೆಲ್ಲ ತುರುಪಿನ ಲೆಕ್ಕದಲ್ಲಿತ್ತು. "ಕಾಫಿ ಕುಯ್ಲು ಮುಗೀಲಿ, ನಿಧಾನಕ್ಕೆ ಹೋದ್ರಾಯ್ತು" ಎಂದೆ.

"ಆಟದಲ್ಲಿ ನಿಮ್ ಲೆಕ್ಕ ತಪ್ಪಲ್ಲ, ಇದೂ ಸರಿನೇ ಇರ್ಬೇಕು" ಎಂದು ಅವರು ನಕ್ಕರು.

ಕುಯ್ಲು ಮುಗಿಯುವ ಮೊದಲೇ ಅಣ್ಣ ತೀರಿಕೊಂಡರು. ಆಮೇಲೆ ಡಮ್ಮಿಯಾದಾಗಲೆಲ್ಲ ನನ್ನ ಜೊತೆಗಾರರು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಕ್ಷಮೆ ಕೇಳಲು ಹೋದರೆ, "ಅವತ್ತು ಆಟ ಗೆದ್ವಲ್ಲ, ಬಿಡಿ" ಎಂದರು.

ಈಗ ಮಧ್ಯಾಹ್ನದ ಜೋಂಪಿನಲ್ಲಿ ಆ ಮೇಜು ಮಂಜಿನೊಳಗಿಂದ ತೇಲಿ ಬರುತ್ತದೆ. ಅವರು ಮತ್ತೆ ಅದನ್ನೇ ಕೇಳುತ್ತಾರೆ. ನಾನು ನನ್ನ ಎಲೆಗಳನ್ನು ಕವುಚಿಟ್ಟು, "ಏಳಿ, ನಾನೂ ಬರ್ತೀನಿ" ಎನ್ನುತ್ತೇನೆ.