ತೆರಿಗೆ ಉಳಿಸಲು ತಂದ ಯಂತ್ರ

ಮಡಂತ್ಯಾರಿನಲ್ಲಿ ನನಗೂ ನನ್ನ ಹೆಂಡತಿಯ ಅಣ್ಣನಿಗೂ ಪಾಲಿನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಪರೀಕ್ಷೆ ಮಾಡುವವನು ನಾನು, ವ್ಯವಹಾರ ನೋಡುವವರು ಭಾವ. ವ್ಯವಹಾರವೆಂದರೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ಕೂರುವುದು.

ಒಂದು ಮಾರ್ಚ್ ಕೊನೆಗೆ ಟೈ ಕಟ್ಟಿದ ಮಾರಾಟಗಾರನೊಬ್ಬ ಬಂದ. ಆ ಸೆಕೆಯಲ್ಲಿ ಟೈ ಕಟ್ಟುವವನ ಬುದ್ಧಿಯ ಬಗ್ಗೆ ನನಗೆ ಅನುಮಾನ ಹುಟ್ಟಿತು, ಭಾವನಿಗೆ ಗೌರವ ಹುಟ್ಟಿತು. ಅವನು ತೋರಿಸಿದ್ದು ಗಂಟೆಗೆ ನೂರಾರು ಪರೀಕ್ಷೆ ಮಾಡುವ ಯಂತ್ರ. ನಮ್ಮಲ್ಲಿಗೆ ದಿನವಿಡೀ ಬರುವವರನ್ನು ಒಂದೇ ಬಸ್ಸಿನಲ್ಲಿ ಕೂರಿಸಬಹುದಿತ್ತು.

"ಈ ತಿಂಗಳೊಳಗೆ ತಗೊಂಡ್ರೆ ಟ್ಯಾಕ್ಸ್ ಉಳೀತದೆ ಸರ್. ಜಿಎಸ್‌ಟಿಯೂ ವಾಪಸ್ ಬರ್ತದೆ. ಅರ್ಧ ರೇಟಿಗೆ ಸಿಕ್ಕಿದ ಹಾಗೆ," ಎಂದ.

ಭಾವ ನನ್ನ ಕಡೆ ತಿರುಗಿದರು. "ಸರ್ಕಾರಕ್ಕೆ ಕಟ್ಟುವ ಬದಲು ಮಿಷನಿಗೆ ಹಾಕುವ. ಎಂತ ಹೇಳ್ತೀರಿ?"

ಆ ಮಧ್ಯಾಹ್ನ ನಾನು ಬಂಟ್ವಾಳದ ನಮ್ಮ ತೆರಿಗೆ ಸಲಹೆಗಾರರಿಗೆ ಫೋನ್ ಮಾಡಿದೆ. ರಕ್ತಪರೀಕ್ಷೆಗೆ ನಾವು ರೋಗಿಗಳಿಂದ ಜಿಎಸ್‌ಟಿ ಪಡೆಯುವುದಿಲ್ಲ, ಆದ್ದರಿಂದ ಯಂತ್ರಕ್ಕೆ ಕೊಟ್ಟ ಜಿಎಸ್‌ಟಿ ಹಿಂದೆ ಬರುವುದಿಲ್ಲ ಎಂದರು. ಯಂತ್ರದ ಬೆಲೆಯನ್ನೂ ಒಂದೇ ವರ್ಷ ಖರ್ಚೆಂದು ತೋರಿಸುವಂತಿಲ್ಲ. ಪ್ರತಿವರ್ಷ ಸವಕಳಿಯೆಂದು ಸ್ವಲ್ಪಸ್ವಲ್ಪ ಕಳೆಯಬೇಕು, ಮಾರ್ಚಿನಲ್ಲಿ ಕೊಂಡರೆ ಮೊದಲ ವರ್ಷ ಅದರಲ್ಲೂ ಅರ್ಧ. ಒಟ್ಟಿನಲ್ಲಿ ಲಕ್ಷ ರೂಪಾಯಿಗೆ ಆ ವರ್ಷ ಉಳಿಯುವ ತೆರಿಗೆ ಎರಡು ಸಾವಿರ ಚಿಲ್ಲರೆ.

ಇದನ್ನು ಭಾವನಿಗೆ ಹೇಳಿದೆ. "ಪೂರ್ತಿ ಖರ್ಚೆಂದು ತೋರಿಸಿದರೂ ತೆರಿಗೆಯಲ್ಲಿ ಉಳಿಯುವುದು ಬೆಲೆಯ ಮೂರರಲ್ಲಿ ಒಂದು ಪಾಲು ಮಾತ್ರ. ಬಾಕಿ ಎರಡು ಪಾಲು ನಮ್ಮ ಕಿಸೆಯಿಂದಲೇ ಅಲ್ವಾ? ಅಷ್ಟು ಸಂಪಾದಿಸುವ ಕೆಲಸ ಆ ಯಂತ್ರಕ್ಕೆ ಇಲ್ಲಿ ಎಲ್ಲಿ ಉಂಟು?"

"ನಿಮಗೆ ಧೈರ್ಯ ಇಲ್ಲ," ಎಂದರು ಅವರು. "ಮೂಡುಬಿದಿರೆಯ ಲ್ಯಾಬಿನವರು ತಗೊಂಡಿದ್ದಾರಂತೆ."

ಮೂಡುಬಿದಿರೆಯವರ ಹೆಸರು ಬಂದ ಮೇಲೆ ಲೆಕ್ಕಕ್ಕೆ ಬೆಲೆಯಿಲ್ಲ. ಬಂಡವಾಳದಲ್ಲಿ ಹೆಚ್ಚಿನ ಪಾಲು ಅವರದ್ದು, ಸಹಿ ಅವರೇ ಹಾಕಿದರು. ನಾನು ಸಿಟ್ಟನ್ನು ನುಂಗಿಕೊಂಡು ಯಂತ್ರಕ್ಕೆ ಜಾಗ ಮಾಡಿಕೊಟ್ಟೆ. ಅದಕ್ಕೆ ಎ.ಸಿ. ಬೇಕಾಯಿತು. ರೋಗಿಗಳು ಕಾಯುತ್ತಿದ್ದ ಬೆಂಚು ಜಗಲಿಗೆ ಹೋಯಿತು. ಜ್ವರ ಬಂದವರು ಹೊರಗೆ ಬೆವರುತ್ತಿದ್ದರು, ಯಂತ್ರ ಒಳಗೆ ತಂಪಾಗಿ ಕೂತಿತ್ತು.

ಬೆಳಗಿನ ಕೆಲಸವನ್ನೆಲ್ಲ ಅದು ಚಹಾ ಆರುವುದರೊಳಗೆ ಮುಗಿಸಿಬಿಡುತ್ತಿತ್ತು. ಆಮೇಲೆ ದಿನವಿಡೀ ಕರೆಂಟು ತಿನ್ನುವುದೊಂದೇ ಕೆಲಸ. ಅದಕ್ಕೆ ಬೇಕಾದ ರಾಸಾಯನಿಕಗಳನ್ನು ದೊಡ್ಡ ಬಾಟಲಿಗಳಲ್ಲೇ ಕೊಳ್ಳಬೇಕಿತ್ತು. ಅರ್ಧ ಖಾಲಿಯಾಗುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು, ನಾನು ಉಳಿದದ್ದನ್ನು ಚೆಲ್ಲುತ್ತಿದ್ದೆ. ಭಾವ ಮಾತ್ರ ಬಂದವರಿಗೆಲ್ಲ ಗಾಜಿನಾಚೆಯಿಂದ ಯಂತ್ರ ತೋರಿಸುತ್ತಿದ್ದರು. ಸಕ್ಕರೆ ಕಾಯಿಲೆ ನೋಡಿಸಲು ಬಂದ ಒಬ್ಬ ನಿವೃತ್ತ ಮಾಸ್ತರರು "ಇದರಲ್ಲಿ ಮಾಡಿದರೆ ಸಕ್ಕರೆ ಕಡಿಮೆ ಬರ್ತದಾ?" ಎಂದು ಕೇಳಿದರು. ಯಂತ್ರದ ಬಗ್ಗೆ ಯಾರಾದರೂ ಕೇಳಿದ ಅರ್ಥವಿರುವ ಪ್ರಶ್ನೆ ಅದೊಂದೇ.

ಮುಂದಿನ ವರ್ಷ ತೆರಿಗೆ ನಿಜವಾಗಿಯೂ ಉಳಿಯಿತು. ಲಾಭವೇ ಇರಲಿಲ್ಲ. ಸಲಹೆಗಾರರು ಫೋನಿನಲ್ಲಿ ಇದನ್ನು ಹೇಳುವಾಗ ನಗು ತಡೆಯುತ್ತಿದ್ದದ್ದು ನನಗೆ ಕೇಳಿಸಿತು.

ಕೊನೆಗೆ ಯಂತ್ರವನ್ನು ದೂರದ ಆಸ್ಪತ್ರೆಯೊಂದಕ್ಕೆ ಸಿಕ್ಕಿದ ಬೆಲೆಗೆ ಮಾರಿದೆವು. ಭಾವ ತಮ್ಮ ಪಾಲು ತೆಗೆದುಕೊಂಡು ಲ್ಯಾಬಿನ ಪಾಲುದಾರಿಕೆಯಿಂದ ಹೊರಗೆ ಹೋದರು. ಮಾವನ ಮನೆಯ ಊಟದಲ್ಲಿ ನನ್ನಿಂದಾಗಿಯೇ ಲ್ಯಾಬ್ ಬೆಳೆಯಲಿಲ್ಲ ಎಂದರು. ಬಡಿಸುತ್ತಿದ್ದ ನನ್ನ ಹೆಂಡತಿ, "ಅಣ್ಣ, ಪಲ್ಯ ಹಾಕಲಾ?" ಎಂದಷ್ಟೇ ಕೇಳಿದಳು. ನಾನು ಮರುದಿನ ಜಗಲಿಯ ಬೆಂಚನ್ನು ಒಳಗೆ ತಂದಿಟ್ಟೆ.