ಫೋನ್ ಬಾರದವರ ಕಿಡ್ನಿ

ಹೆಬ್ಬೂರಿನ ಜನರಿಂದ ರಕ್ತ ಪಡೆದು, ಅದರಲ್ಲಿ ಕಂಡದ್ದನ್ನು ಅವರಿಗೇ ಹೇಳದೆ ಉಳಿದ ಸಂಶೋಧಕರೇ, ನೀವು ನನ್ನ ದೊಡ್ಡಮ್ಮನಿಗೆ ಮೋಸ ಮಾಡಿದ್ದೀರಿ. ಇದಕ್ಕಿಂತ ಮೆತ್ತಗಿನ ಪದ ನನ್ನಲ್ಲಿಲ್ಲ.

ಕಳೆದ ವಾರ ದೊಡ್ಡಮ್ಮನನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. (ಬಸ್ಸಿನಲ್ಲಿ ಬರಿಗಾಲಲ್ಲೇ ಬಂದರು. ಚಪ್ಪಲಿ ಬ್ಯಾಗಿನಲ್ಲಿತ್ತು, ಮರ್ಯಾದೆಗೆ.) ಬಿ.ಪಿ. ವಿಪರೀತ ಏರಿತ್ತು. ರಕ್ತಪರೀಕ್ಷೆಯ ನಂತರ ಡಾಕ್ಟರ್ ಕೇಳಿದರು: "ಅಮ್ಮಾ, ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡ್ತಿದೆ. ಹಿಂದೆ ಯಾವತ್ತೂ ಟೆಸ್ಟ್ ಮಾಡಿಸಿರ್ಲಿಲ್ವಾ?"

"ಮಾಡ್ಸಿದೀನಲ್ಲ ಸಾರ್! ಹೋದ್ ವರ್ಷ ಮಠದ್ ತಾವ ಕ್ಯಾಂಪ್ ಆಯ್ತಲ್ಲ, ಬಿ.ಪಿ.ಗೂ ಕಿಡ್ನಿಗೂ ಏನೋ ರಿಸರ್ಚು ಅಂತ. ರಕ್ತ, ಉಚ್ಚೆ ಎಲ್ಲಾ ತಗಂಡೋದ್ರು. ನಂದು ಚೆನ್ನಾಗೈತೆ."

"ಚೆನ್ನಾಗಿದೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅದ್ಕೇ ಚೆನ್ನಾಗೈತೆ."

ಡಾಕ್ಟರ್ ನನ್ನ ಮುಖ ನೋಡಿದರು. ನನಗೆ ಅರ್ಥವಾಗಿತ್ತು. ನಮ್ಮೂರಿನ ಕಣ್ಣಿನ ಕ್ಯಾಂಪ್ ನಡೆಯುವುದು ಹೀಗೆಯೇ. ಪೊರೆ ಬಂದವರಿಗಷ್ಟೇ ಫೋನ್ ಬರುತ್ತದೆ, ಆಪರೇಷನ್‌ಗೆ ಕರೆದೊಯ್ಯಲು ವ್ಯಾನ್ ಬರುತ್ತದೆ. ಫೋನ್ ಬರಲಿಲ್ಲವೆಂದರೆ ಕಣ್ಣು ಸರಿಯಿದೆ. ಊರೆಲ್ಲ ನಂಬಿ ನಡೆದ ಪದ್ಧತಿ ಇದು. ಕಿಡ್ನಿಯ ಕ್ಯಾಂಪಿಗೆ ಆ ಪದ್ಧತಿ ಇಲ್ಲವೆಂದು ದೊಡ್ಡಮ್ಮನಿಗೆ ಹೇಳಿದವರಾರು?

ಆ ನಂಬಿಕೆಯ ಮೇಲೆ ದೊಡ್ಡಮ್ಮ ಬಿ.ಪಿ. ಮಾತ್ರೆ ಬಿಟ್ಟರು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆಯನ್ನು ನಿಶ್ಚಿಂತೆಯಿಂದ ನುಂಗಿದರು. ಇವೆರಡೂ ಕಿಡ್ನಿಗೆ ಪೆಟ್ಟೇ. ಅಧಿಕ ರಕ್ತದೊತ್ತಡ ಸದ್ದಿಲ್ಲದೆ ಮೂತ್ರಪಿಂಡವನ್ನು ಸವೆಸುತ್ತದೆ; ಅದು ಸವೆದಂತೆ ಒತ್ತಡ ಮತ್ತೂ ಏರುತ್ತದೆ. ಸಂಶೋಧಕರು ಅರಿಯದ ಸಂಗತಿಯೇ? ಅದನ್ನು ಅಳೆಯಲೆಂದೇ ಅಲ್ಲವೇ ಅವರು ಬಂದದ್ದು?

ಆ ಸಂಶೋಧನಾ ತಂಡಕ್ಕೆ ಫೋನ್ ಮಾಡಿ ವಿಚಾರಿಸಿದೆ. ತಂಡದ ಯುವಕರೊಬ್ಬರು ಸೌಜನ್ಯದಿಂದಲೇ ಉತ್ತರಿಸಿದರು: "ಮೇಡಂ, ಒಬ್ಬೊಬ್ಬರಿಗೂ ರಿಪೋರ್ಟ್ ಕೊಡೋದು ನಮ್ಮ ಪ್ರೋಟೋಕಾಲ್‌ನಲ್ಲಿ ಇರ್ಲಿಲ್ಲ. ಗುಬ್ಬಿ, ಕುಣಿಗಲ್ ಕಡೆನೂ ಹಾಗೇ ಮಾಡಿದೀವಿ." (ಸಮಾಧಾನಕ್ಕೆ ಹೇಳಿದರೋ, ತಪ್ಪೊಪ್ಪಿಕೊಂಡರೋ?)

ಸಂಶೋಧನೆ ಬೇಕು. ಇಂಥ ಊರುಗಳಲ್ಲೇ ಬೇಕು. ಆದರೆ ನಂಬಿ ತೋಳು ಚಾಚಿದವರಿಗೆ ಅವರದೇ ರಕ್ತದ ಸುದ್ದಿ ತಲುಪಿಸದ ಸಂಶೋಧನೆ ಯಾರ ಆರೋಗ್ಯಕ್ಕಾಗಿ?

ಆಸ್ಪತ್ರೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದೆವು. ಗೂಳೂರು ದಾಟಿದ ಮೇಲೆ ದೊಡ್ಡಮ್ಮ ಮೆಲ್ಲಗೆ ಅಂದರು: "ಪಕ್ಕದ್ಮನೆ ಸಾವಿತ್ರಿಗೂ ಫೋನ್ ಬಂದಿಲ್ಲ ಕಣೇ. ಭಯ ಬುಡು, ನೀನೂ ಚೆನ್ನಾಗಿದೀಯ ಅಂತ ನಾನೇ ಹೇಳಿದ್ದೆ."

ಆದ್ದರಿಂದ ಅಧ್ಯಯನದ ಮುಖ್ಯಸ್ಥರಲ್ಲಿ ಮತ್ತು ಅದಕ್ಕೆ ಅನುಮತಿಯಿತ್ತ ಎಥಿಕ್ಸ್ ಕಮಿಟಿಯಲ್ಲಿ ನನ್ನ ವಿನಂತಿ: ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಅವರ ಫಲಿತಾಂಶವನ್ನು ಕನ್ನಡದಲ್ಲಿ, ಅದರ ಅರ್ಥವನ್ನೂ ಬಿಡಿಸಿ, ತಡಮಾಡದೆ ತಲುಪಿಸಿ. ಇಷ್ಟು ಕಾಲ ತಲುಪಿಸದೆ ಉಳಿದದ್ದೇಕೆಂದು ಇದೇ ಪತ್ರಿಕೆಯಲ್ಲಿ ಉತ್ತರಿಸಿ. ಬೇಗ ಉತ್ತರಿಸಿ, ಏಕೆಂದರೆ ನಿಮ್ಮ ಮೌನವನ್ನು ನಮ್ಮೂರು ಇನ್ನೂ ಒಳ್ಳೆಯ ಸುದ್ದಿಯೆಂದೇ ನಂಬಿದೆ.